ಎಲ್ಲವನ್ನೂ ಇಲಿ ಎನ್ನುವವರಿಗೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಗದ್ದಲವೆದ್ದಿತು. ರಾತ್ರಿಯೆಲ್ಲ ಸುರಿದ ಮಳೆಗೆ ತೊಯ್ದು ತೊಪ್ಪೆಯಾದ ಏನೋ ಒಂದು ಸಂಪಿನ ಮುಚ್ಚಳದ ಪಕ್ಕ ಮುದುರಿ ಕೂತಿತ್ತು. 'ಇಲಿ, ಇಲಿ' ಎಂದು ಒಳಗಿನಿಂದ ಕೂಗು. ಯಜಮಾನರು ಕಡ್ಡಿ ಪೊರಕೆ ಹಿಡಿದು ಬಂದರು, ಪೊರಕೆ ಎತ್ತಿಯೂ ಆಯಿತು. ಅಷ್ಟರಲ್ಲಿ ಆ ಜೀವ ಒಮ್ಮೆ ಮೈ ಕೊಡವಿತು. ಬೆನ್ನ ಮೇಲೆ ಮೂರು ಗೆರೆ ಕಂಡವು, ಹಗ್ಗದಂತಿದ್ದ ಬಾಲ ಸ್ವಲ್ಪ ಉಬ್ಬಿತು. 'ಅಯ್ಯೋ, ಅಳಿಲು ಕಣ್ರೀ, ಪಾಪ!' ಪೊರಕೆ ಕೆಳಗಿಳಿಯಿತು. ಐದು ನಿಮಿಷದಲ್ಲಿ ಅದರ ಮುಂದೆ ಒಂದು ಹಿಡಿ ಕಡಲೆಬೀಜ ಬಿದ್ದಿತ್ತು.

ಆ ಐದು ನಿಮಿಷದಲ್ಲಿ ಪ್ರಾಣಿಯೇನೂ ಬದಲಾಗಿರಲಿಲ್ಲ. ಅದೇ ಹಲ್ಲು, ಅದೇ ಹೊಟ್ಟೆ, ತೆಂಗಿನ ಎಳೆಗಾಯಿಯನ್ನೂ ಕೊಕೋ ಹಣ್ಣನ್ನೂ ಕೊರೆದು ಬೀಳಿಸುವ ಅದೇ ಚಾಳಿ. ಬದಲಾದದ್ದು ಬಾಲದ ಮೇಲಿನ ಕೂದಲು ಮಾತ್ರ. ಅಳಿಲು ಇಲಿಗೆ ದಾಯಾದಿ, ಎರಡೂ ದಂಶಕಗಳು. ಒಂದಕ್ಕೆ ಬೀಜ, ಇನ್ನೊಂದಕ್ಕೆ ಪಾಷಾಣ ಎಂದು ತೀರ್ಮಾನಿಸುವಾಗ ನಾವು ನೋಡುವುದು ಬಾಲ ಪೊದೆಯಂತಿದೆಯೇ ಬೋಳೇ ಎಂಬುದನ್ನಷ್ಟೆ.

'ಇಲಿ ಅಂದರೆ ಇಲಿ, ಅದರಲ್ಲಿ ಬಗೆ ಏನು ಬಂತು?' ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿರುವ ಅಭಿಪ್ರಾಯ. ಪೇಟೆಯವರದು ಇದು. ಓದಿದವರದು ಇನ್ನೊಂದಿದೆ: ಬಗೆ ಇರಬಹುದು, ಆದರೆ ಅದು ಲ್ಯಾಟಿನ್ ಬಲ್ಲ ವಿಜ್ಞಾನಿಗಳ ಕೆಲಸ, ನಮ್ಮ ಹಳ್ಳಿಯ ಭಾಷೆಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು ಎಂಬುದು. ಮೊದಲನೆಯದು ತಪ್ಪು, ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು. ಈ ಎರಡರ ಮೇಲೂ ನನ್ನ ತಕರಾರಿದೆ. ಇದು ಪ್ರಾಣಿದಯೆಯ ಮಾತಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೊಲ ಉಣ್ಣುವ ಇಲಿಯ ಮೇಲೆ ನನಗೆ ಯಾವ ಮಮತೆಯೂ ಇಲ್ಲ. ನಾನು ಕೇಳುವುದಿಷ್ಟೆ: ಯಾರನ್ನು ಹೊಡೆಯುತ್ತಿದ್ದೀರಿ ಎಂದು ಹೊಡೆಯುವ ಮೊದಲು ತಿಳಿದುಕೊಳ್ಳಿ.

ಅಳಿಲಿನಿಂದಲೇ ಮುಂದುವರಿಯೋಣ. ಸೇತುವೆ ಕಟ್ಟುವಾಗ ಮರಳು ಹೊತ್ತು ತಂದ ಪುಟ್ಟ ಜೀವದ ಬೆನ್ನನ್ನು ರಾಮ ಮೂರು ಬೆರಳಿನಿಂದ ಸವರಿದ, ಆ ಗುರುತೇ ಮೂರು ಪಟ್ಟೆ ಎಂಬ ಕಥೆ ನಮ್ಮಲ್ಲಿ ಮನೆಮಾತು. 'ಅಳಿಲು ಸೇವೆ' ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ. ದಕ್ಷಿಣದ ಅಳಿಲಿಗೆ ಈ ಕಥೆ ಸರಿಯಾಗಿ ಒಪ್ಪುತ್ತದೆ, ಅದರ ಬೆನ್ನಲ್ಲಿ ತಿಳಿಬಣ್ಣದ ಪಟ್ಟೆ ಮೂರೇ. ಉತ್ತರ ಭಾರತಕ್ಕೆ ಹೋದರೆ ತೋಟದಲ್ಲಿ, ರೈಲ್ವೆ ನಿಲ್ದಾಣದಲ್ಲಿ ಓಡಾಡುವ ಅಳಿಲು ಬೇರೆ ಪ್ರಭೇದ. ಅದರ ಬೆನ್ನಲ್ಲಿ ಪಟ್ಟೆ ಐದು. ಅಲ್ಲಿ ರಾಮ ಐದು ಬೆರಳನ್ನೂ ಬಳಸಿರಬೇಕು. ಪಶ್ಚಿಮಘಟ್ಟದ ಕಾಡಿನೊಳಗೆ ಮತ್ತೊಂದು ಮೂರು ಪಟ್ಟೆಯ ಅಳಿಲಿದೆ, ಮೈಬಣ್ಣ ಗಾಢ, ಊರಿಗೆ ಬರುವುದು ಕಡಿಮೆ. ಇನ್ನೊಂದರ ಪಟ್ಟೆ ಎಷ್ಟು ಮಸುಕೆಂದರೆ ಅದನ್ನು ಯಾರೂ ಸವರಿಯೇ ಇಲ್ಲವೇನೋ ಎನಿಸುತ್ತದೆ. ಕಥೆ ಸುಳ್ಳು ಎಂದು ಹೇಳಹೊರಟಿಲ್ಲ. ಕಥೆ ಕಟ್ಟಿದವನು ತನ್ನ ಅಂಗಳದ ಅಳಿಲಿನ ಪಟ್ಟೆಗಳನ್ನು ಎಣಿಸಿ ನೋಡಿದ್ದ. ಕಥೆ ಹೇಳುವ ನಾವು ಎಣಿಸುವುದನ್ನು ಬಿಟ್ಟಿದ್ದೇವೆ.

ದಂಶಕ ಯಾವುದು, ಯಾವುದಲ್ಲ ಎಂದು ತಿಳಿಯಲು ಬಾಲ ನೋಡಬಾರದು, ಬಾಯಿ ನೋಡಬೇಕು. ಮೇಲೆ ಎರಡು, ಕೆಳಗೆ ಎರಡು ಉಳಿಯಂಥ ಮುಂಬಲ್ಲು. ಸಾಯುವವರೆಗೂ ಅವು ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮಲ್ ಹಲ್ಲಿನ ಮುಂಭಾಗದಲ್ಲಷ್ಟೇ ಇರುವುದರಿಂದ ಹಿಂಭಾಗ ಬೇಗ ಸವೆದು ಅಲಗು ತಾನಾಗಿಯೇ ಹರಿತವಾಗುತ್ತದೆ. ಬಡಗಿ ಉಳಿಯನ್ನು ಒಂದೇ ಮಗ್ಗುಲಿಗೆ ಮಸೆಯುವಂತೆ. ಕೋರೆಹಲ್ಲಿಲ್ಲ. ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ದೊಡ್ಡದೊಂದು ಖಾಲಿ ಜಾಗ. ಮನೆಯ ಇಲಿ, ಹೆಗ್ಗಣ, ಅಳಿಲು, ದಾಂಡೇಲಿಯ ಮರದ ನೆತ್ತಿಯಲ್ಲಿ ಜಿಗಿಯುವ ಕೆಂದಳಿಲು, ರಾತ್ರಿ ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು, ಕೊನೆಗೆ ಮುಳ್ಳುಹಂದಿ, ಇವೆಲ್ಲ ಈ ಒಂದು ಬಾಯಿಯ ಸಂಸಾರ. ಜಗತ್ತಿನ ಸಸ್ತನಿ ಪ್ರಭೇದಗಳಲ್ಲಿ ಸುಮಾರು ಶೇಕಡಾ 40 ಈ ಸಂಸಾರಕ್ಕೇ ಸೇರಿದವು. ಹಾರುಬೆಕ್ಕು ಬೆಕ್ಕಲ್ಲ, ಹಾರುವುದೂ ಇಲ್ಲ, ಅದು ಮುಂಗಾಲಿನಿಂದ ಹಿಂಗಾಲಿಗೆ ಚರ್ಮ ಹರಡಿಕೊಂಡು ಜಾರುವ ಅಳಿಲು. ಮುಳ್ಳುಹಂದಿ ಹಂದಿಯಲ್ಲ. ನಮ್ಮ ಜನಪದ ಹೆಸರುಗಳೂ ದಾರಿ ತಪ್ಪಿಸುತ್ತವೆ, ಅದನ್ನು ಮುಚ್ಚಿಡುವುದಿಲ್ಲ.

ಮೊಲ ಈ ಸಂಸಾರದ್ದಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವನು ಕಾಲು ಬಿಟ್ಟು ಹಲ್ಲು ಎಣಿಸಿದ್ದರೆ ಏನಾದರೂ ಪ್ರಯೋಜನವಾಗುತ್ತಿತ್ತು. ಮೊಲದ ಮೇಲಿನ ಎರಡು ಮುಂಬಲ್ಲಿನ ಹಿಂದೆ ಕಡ್ಡಿಯಂಥ ಇನ್ನೆರಡು ಪುಟ್ಟ ಹಲ್ಲುಗಳಿವೆ. ಇಷ್ಟು ಚಿಕ್ಕ ಗುರುತಿನ ಜೊತೆ ಇನ್ನೂ ಕೆಲವು ಅಂಗರಚನೆಯ ವ್ಯತ್ಯಾಸ ಸೇರಿಸಿ 1912ರಲ್ಲಿ ಗಿಡ್ಲಿ ಎಂಬ ಅಮೆರಿಕದ ವಿದ್ವಾಂಸ ಮೊಲಗಳನ್ನು ದಂಶಕಗಳಿಂದ ಬೇರ್ಪಡಿಸಿ ಪ್ರತ್ಯೇಕ ಗಣವಾಗಿಸಬೇಕೆಂದು ವಾದಿಸಿದ. ವಾದ ಗೆದ್ದಿತು.

ಇನ್ನು ನನಗೆ ಹೆಚ್ಚು ಸಿಟ್ಟು ಬರಿಸುವ ವಿಷಯ, ಸುಂಡಿಲಿ. ಹೆಸರಲ್ಲೇ ಇಲಿ ಇದೆ, ಹಾಗಾಗಿ ಇಲಿಯ ಪಾಲಿನ ಪೆಟ್ಟು ಅದಕ್ಕೂ. ಬಾಯಿ ತೆರೆಸಿ ನೋಡಿದರೆ ಉಳಿಯಂಥ ಹಲ್ಲಿಲ್ಲ, ನಡುವೆ ಖಾಲಿ ಜಾಗವೂ ಇಲ್ಲ. ಸಾಲಾಗಿ ಮೂವತ್ತು ಮೊನಚು ಹಲ್ಲು. ಮರ, ದಾರ, ಪುಸ್ತಕ, ವೈರು ಕಡಿಯುವ ಬಾಯಿಯಲ್ಲ ಅದು, ಜಿರಳೆಯ ಚಿಪ್ಪು ಸೀಳುವ ಬಾಯಿ. ಬಾಯಿಯವರೆಗೆ ಹೋಗುವ ಧೈರ್ಯ ಇಲ್ಲದವರಿಗೆ ಹೊರಗಿನ ಗುರುತುಗಳೂ ಬೇಕಾದಷ್ಟಿವೆ. ಮೂತಿ ಸೊಂಡಿಲಿನಂತೆ ಚೂಪಾಗಿ ಬಾಯಿಗಿಂತ ಮುಂದಕ್ಕೆ ಚಾಚಿ ಸದಾ ಮೂಸುತ್ತಿರುತ್ತದೆ. ಕಣ್ಣು ಸಾಸಿವೆ ಕಾಳು. ಬಾಲ ಬುಡದಲ್ಲಿ ದಪ್ಪ, ಅಲ್ಲಲ್ಲಿ ಉದ್ದನೆಯ ಒಂಟಿ ಕೂದಲು. ಇಲಿಯ ಹಾಗೆ ತಂತಿ ಹಿಡಿದು ಹತ್ತಿ ಅಟ್ಟ ಸೇರುವ ಕಸರತ್ತು ಅದಕ್ಕೆ ಬಾರದು. ಗೋಡೆಯ ಬುಡ ಹಿಡಿದು, ಕಾಣದವರ ಹಾಗೆ ತಡಕುತ್ತ, ಚಿಕ್ ಚಿಕ್ ಎಂದು ನಾಣ್ಯ ಅಲ್ಲಾಡಿಸಿದ ಸದ್ದು ಮಾಡುತ್ತ ಹೋಗುತ್ತದೆ. ಹೆದರಿದರೆ ಪಕ್ಕೆಯ ಗ್ರಂಥಿಯಿಂದ ಬರುವ ಕಮಟು ವಾಸನೆಯಂತೂ ತಪ್ಪಿಸಿಕೊಳ್ಳಲಾಗದ್ದು. ಬೆಕ್ಕು ಅದನ್ನು ಹಿಡಿದು ಕೊಂದರೂ ಸಾಮಾನ್ಯವಾಗಿ ತಿನ್ನದೆ ಬಿಟ್ಟುಹೋಗುವುದು ಆ ವಾಸನೆಗೇ.

ಈ ವಾಸನೆಯ ಬಗ್ಗೆ ಓದಿದವರೂ ಏನೇನೋ ನಂಬಿದ್ದರು. ಸುಂಡಿಲಿ ವೈನ್ ಬಾಟಲಿಯ ಮೇಲೆ ಓಡಿದರೆ ಗಾಜು ದಾಟಿ ವಾಸನೆ ಒಳಗಿಳಿದು ವೈನ್ ಕೆಡುತ್ತದೆ ಎಂದು ಕಂಪನಿ ಕಾಲದ ಬಿಳಿಯರ ಮನೆಗಳಲ್ಲಿ ಗಟ್ಟಿ ನಂಬಿಕೆಯಿತ್ತು. 1867ರಲ್ಲಿ ಭಾರತದ ಸಸ್ತನಿಗಳ ಮೇಲೆ ಪುಸ್ತಕ ಬರೆದ ಡಾಕ್ಟರ್ ಜೆರ್ಡನ್ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲೇ ತುಂಬಿ ಬಂದ ಬಾಟಲಿಗೆ ಈ ವಾಸನೆ ಬರುವುದಿಲ್ಲ, ಇಲ್ಲಿ ತುಂಬಿದವಕ್ಕೆ ಮಾತ್ರ ಏಕೆ ಎಂಬುದು ಅವನ ತರ್ಕ. ವಾಸನೆ ಗಾಜು ದಾಟಿದ್ದಲ್ಲ, ತುಂಬುವ ಮೊದಲೇ ಬಾಟಲಿಗೋ ಬಿರಡೆಗೋ ಹತ್ತಿದ್ದಿರಬೇಕು. ಸರಳವಾದ ವಿಚಾರಣೆ. ನಮ್ಮ ಅಡುಗೆಮನೆಗಳಲ್ಲಿ ಅಷ್ಟನ್ನೂ ಮಾಡುವುದಿಲ್ಲ.

ಈಗ ಬಂದಿರುವ ಅಂಟುಹಲಗೆಯನ್ನು ನೋಡಿ. ಅಂಗಡಿಯಲ್ಲಿ ಸಿಗುತ್ತದೆ, ರಾತ್ರಿ ಗೋಡೆಯ ಬುಡಕ್ಕೆ ಇಟ್ಟು ಮಲಗುತ್ತೇವೆ. ಇಲಿ ಹೊಸ ವಸ್ತು ಕಂಡರೆ ಅನುಮಾನಿಸುವ ಪ್ರಾಣಿ, ದಿನಗಟ್ಟಲೆ ಸುತ್ತು ಹಾಕಿ ಹೋಗುತ್ತದೆ. ಗೋಡೆಯ ಬುಡವನ್ನೇ ಹಿಡಿದು, ಮಂದ ಕಣ್ಣಿನಲ್ಲಿ ಮೂಸುತ್ತ ಬರುವ ಸುಂಡಿಲಿಗೆ ಆ ಎಚ್ಚರ ಎಲ್ಲಿಂದ ಬರಬೇಕು? ನನ್ನ ಮನೆಯಲ್ಲೇ ಒಮ್ಮೆ ಹೀಗಾಗಿದೆ. ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ತಾಯಿ ಸುಂಡಿಲಿ, ಅದರ ಬಾಲದ ಬುಡ ಕಚ್ಚಿಕೊಂಡು ಒಂದು ಮರಿ, ಆ ಮರಿಯ ಬುಡ ಕಚ್ಚಿಕೊಂಡು ಇನ್ನೊಂದು. ಸುಂಡಿಲಿ ತಾಯಿ ಮರಿಗಳನ್ನು ಬೇರೆಡೆಗೆ ಒಯ್ಯುವುದೇ ಹೀಗೆ, ರೈಲಿನ ಡಬ್ಬಿಗಳಂತೆ ಸಾಲು ಕಟ್ಟಿಸಿಕೊಂಡು. ಇಡೀ ರೈಲು ಅಂಟಿಗೆ ಸಿಕ್ಕಿತ್ತು. ಅಕ್ಕಿಚೀಲ ಕೊರೆದ ಇಲಿ ಮಾತ್ರ ಮರುದಿನವೂ ಬಂತು. ಅದಾದ ಮೇಲೆ ಅಡುಗೆಮನೆಯ ಸಿಂಕಿನ ಕೆಳಗೆ ಜಿರಳೆ ಹೆಚ್ಚಾದವು ಎಂದು ಬರೆದರೆ ಕಥೆಗೆ ಒಪ್ಪವಾಗುತ್ತಿತ್ತು. ನಾನು ಎಣಿಸಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಇನ್ನು ಓದಿದವರ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಭಾಷೆಗೆ ಈ ಸೂಕ್ಷ್ಮ ಇಲ್ಲ ಎನ್ನುವವರಿಗೆ ಧಾರವಾಡ ಸೀಮೆಯ ಒಂದು ಹಳೆಯ ದಾಖಲೆ ತೋರಿಸಬೇಕು. ಕಿತ್ತೂರು ಚೆನ್ನಮ್ಮನ ಕಥೆ ಓದಿದವರಿಗೆಲ್ಲ ಎಲಿಯಟ್ ಎಂಬ ಹೆಸರು ಗೊತ್ತು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ದಿನ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಆಗ ಅವನಿಗೆ ಇಪ್ಪತ್ತೊಂದು ವಯಸ್ಸು. ಪಠ್ಯಪುಸ್ತಕ ಅವನನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಸೆರೆಯಿಂದ ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಆ ಸೀಮೆಯಲ್ಲೇ ಇದ್ದು ಅವನು ಕನ್ನಡನಾಡಿನ ಶಾಸನಗಳನ್ನು ಪ್ರತಿ ಮಾಡಿಸಿದ, 595 ಶಾಸನಗಳ ಸಂಗ್ರಹ ಅದು. ಹಾಗೆಯೇ ಅಲ್ಲಿನ ಇಲಿಗಳ ಲೆಕ್ಕವನ್ನೂ ಬರೆದ. 1839ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾದ ಅವನ ಸಸ್ತನಿಗಳ ಪಟ್ಟಿಯಲ್ಲಿ ಪ್ರಾಣಿಯ ಹೆಸರಿನ ಜೊತೆಗೇ ಕನ್ನಡದವರು ಏನೆನ್ನುತ್ತಾರೆ, ವಡ್ಡರು ಏನೆನ್ನುತ್ತಾರೆ ಎಂದು ನಮೂದಾಗಿದೆ. ಕೆರೆ ತೋಡುವ, ಒಡ್ಡು ಹಾಕುವ ಕಸುಬಿನ ವಡ್ಡರಷ್ಟು ನೆಲದೊಳಗಿನ ಜೀವಗಳನ್ನು ಬಲ್ಲವರು ಇನ್ನಾರಿದ್ದಾರು?

ಆ ಪಟ್ಟಿಯನ್ನು ಓದುತ್ತ ಹೋದರೆ ಬರಿಯ 'ಇಲಿ' ಸಿಗುವುದೇ ಅಪರೂಪ. ಪೊದೆಗಳ ನಡುವೆ ಹುಲ್ಲಿನ ಗೂಡು ಕಟ್ಟುವ, ದೊರಗು ಕೂದಲಿನ ಒಂದು ಇಲಿಗೆ ಕನ್ನಡದಲ್ಲಿ ಗುಲಂದಿ. ಎಲಿಯಟ್ ಕಳಿಸಿದ ಮಾದರಿ ನೋಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ: ಗೋಲುಂಡ ಎಲಿಯೋಟಿ. ಕುಲದ ಹೆಸರು ನಮ್ಮ ಗುಲಂದಿಯೇ. ಕರಿನೆಲದ ಹೊಲದಲ್ಲಿ ಬಿರುಕಿನೊಳಗೆ ಬದುಕುವ ಮೃದು ಕೂದಲಿನ ಇಲಿಗೆ ವಡ್ಡರು ಮೆಟ್ಟಾಡೆ ಎನ್ನುತ್ತಿದ್ದರು, ಕನ್ನಡಿಗರಿಗೆ ಅದು ಕೆರೆ ಇಲಿ. ಇಂದು ವಿಜ್ಞಾನ ಅದನ್ನು ಮಿಲಾರ್ಡಿಯಾ ಮೆಲ್ಟಾಡ ಎನ್ನುತ್ತದೆ. ಬಿಲದಲ್ಲಿ ಕಾಳು ಕೂಡಿಡುವ ದಪ್ಪ ಮೂತಿಯದು ಕೊಕ್ಕ, ಗ್ರೇ ಅದಕ್ಕೆ ಇಟ್ಟ ಹೆಸರಿನಲ್ಲೂ ಕೊಕ್ಕವೇ ಇತ್ತು. ತೆಳ್ಳಗಿನ ಉದ್ದ ಬಾಲವನ್ನು ಕೊಂಬೆಗೆ ಸುತ್ತಿಕೊಂಡು ಓಡಾಡುವ ಪುಟಾಣಿಗೆ ಮರದ ಇಲಿ. ಇಂಗ್ಲಿಷಿನವರು ಹೆಗ್ಗಣಕ್ಕೆ ಹೇಳುವ ಬ್ಯಾಂಡಿಕೂಟ್ ಕೂಡ ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ-ಇಲಿ. ಆ ಪದ ಹಡಗು ಹತ್ತಿ ಹೋಗಿ ಆಸ್ಟ್ರೇಲಿಯಾದಲ್ಲಿ, ಹೆಗ್ಗಣಕ್ಕೆ ಏನೂ ಸಂಬಂಧವಿಲ್ಲದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿಯ ಮೇಲೆ ಕೂತಿದೆ. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವ ಜಾಡ್ಯ ನಮ್ಮೊಬ್ಬರದೇ ಅಲ್ಲ ಎಂಬುದೊಂದು ಸಮಾಧಾನ.

ಹೆಸರಷ್ಟೇ ಅಲ್ಲ, ನಡತೆಯ ತಿಳಿವಳಿಕೆಯೂ ಆ ಜನರದೇ. ಕೆಂಪು ಗರಸು ನೆಲದಲ್ಲಿ ಒಂದು ಸಣ್ಣ ಇಲಿ ಇದೆ, ಹೊಟ್ಟೆಯ ಕೂದಲೆಲ್ಲ ಚಪ್ಪಟೆ ಮುಳ್ಳು. ಒಳಗಿದ್ದಾಗ ಬಿಲದ ಬಾಯನ್ನು ಹರಳುಕಲ್ಲಿನಿಂದ ಮುಚ್ಚುತ್ತದೆ, ಹೊರಗೂ ಒಂದು ಗುಡ್ಡೆ ಹರಳು, ಒಳಗಿನ ಕೋಣೆಯಲ್ಲಿ ಹರಳಿನದೇ ಹಾಸಿಗೆ. ಆ ಕಲ್ಲಿನ ಮೇಲೆ ಕೂರಲು ಹೊಟ್ಟೆಯ ಮುಳ್ಳೇ ಅದಕ್ಕೆ ಚಾಪೆ. ಬಿಲದ ಬಾಯಲ್ಲಿ ಹರಳು ಕಂಡರೆ ಒಳಗೆ ಯಾರಿದ್ದಾರೆಂದು ಅಗೆಯದೆಯೇ ಹೇಳಬಹುದು. ಕೊಕ್ಕದ ಬಿಲದಿಂದಂತೂ ವಡ್ಡರು ಸುಗ್ಗಿಯಲ್ಲಿ ಕಾಳು ತೆಗೆಯುತ್ತಿದ್ದರು, ಜೋಳದ ಇಡೀ ತೆನೆಗಳೂ ಸೇರಿ ಒಂದು ಬಿಲಕ್ಕೆ ಕೆಲವೊಮ್ಮೆ ಅರ್ಧ ಸೇರಿನಷ್ಟು. ಆ ಕಾಲದಲ್ಲಿ ಅದೇ ಅವರ ಊಟ, ಕೊಕ್ಕವೂ ಊಟ.

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ ಮೆಟ್ಟಾಡೆಯದು. ಬೇಸಿಗೆಯಲ್ಲಿ ಎರೆ ಹೊಲ ಬಿರಿದು ಮೊಣಕೈ ಇಳಿಯುವಷ್ಟು ಬಾಯಿ ಬಿಡುತ್ತದಲ್ಲ, ಈ ಇಲಿಗೆ ಅದೇ ಮನೆ. ತಾನೇ ಬಿಲ ತೋಡುವ ಶ್ರಮ ಅದಕ್ಕಾಗದು. ಕಲ್ಲುಗುಪ್ಪೆ, ಕೊಕ್ಕ ಬಿಟ್ಟುಹೋದ ಬಿಲ, ಬಿರುಕು, ಸಿಕ್ಕಿದ್ದರಲ್ಲಿ ಸೇರಿಕೊಳ್ಳುತ್ತದೆ. ಮುಂಗಾರು ಬಿದ್ದು ಎರೆಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಾಗ ಒಳಗಿದ್ದವು ಸಾವಿರಗಟ್ಟಲೆ ಅಲ್ಲೇ ಸಮಾಧಿಯಾಗುತ್ತವೆ. ಪ್ರತಿವರ್ಷದ ಲೆಕ್ಕ ಇದು. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜವನ್ನು ತಿಂದವು, ಉಳಿದದ್ದು ಬೆಳೆದಾಗ ದಂಟು ಹತ್ತಿ ತೆನೆ ಕಡಿದು ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟಲು ಆಗಲಿಲ್ಲ. ಡಜನ್ನಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರಿಂದ ಹೊಡೆಸಿದರು. ಸಾವಿರಾರು ಹೊಡೆದರು. ಸಂಖ್ಯೆ ಕಣ್ಣಿಗೆ ಕಾಣುವಷ್ಟು ತಗ್ಗಲೇ ಇಲ್ಲ ಎಂದು ಎಲಿಯಟ್ ಬರೆದಿದ್ದಾನೆ.

ಸುಮಾರು ಇನ್ನೂರು ವರ್ಷದ ಹಿಂದಿನ ಈ ಒಂದು ಸಂಗತಿ ಸಾಕು, 'ಇಲಿ ಜಾಸ್ತಿಯಾಯಿತು, ಪಾಷಾಣ ಜಾಸ್ತಿ ಹಾಕು' ಎಂಬ ನಮ್ಮ ಲೆಕ್ಕವನ್ನು ತಿದ್ದಲು. ಮೆಟ್ಟಾಡೆಯನ್ನು ಹದ್ದುಬಸ್ತಿನಲ್ಲಿಟ್ಟದ್ದು ದೊಣ್ಣೆಯಲ್ಲ, ಮಳೆಗೆ ಮುಚ್ಚಿಕೊಳ್ಳುವ ಮಣ್ಣಿನ ಬಿರುಕು. ಮಳೆ ತಡವಾದ ವರ್ಷ ಬಿರುಕನ್ನು ಕುಂಟೆ ಹೊಡೆದು ಮುಚ್ಚುವವನಿಗೂ ಬದುವಿಗೆ ವಿಷದ ಉಂಡೆ ಎಸೆಯುವವನಿಗೂ ವ್ಯತ್ಯಾಸವಿದೆ, ಮೊದಲನೆಯವನಿಗೆ ತನ್ನ ಹೊಲದಲ್ಲಿರುವ ಇಲಿ ಯಾವುದೆಂದು ಗೊತ್ತಿದೆ. ಬಿರುಕು ಮುಚ್ಚಿದರೆ ಕೊಕ್ಕಕ್ಕೆ ಏನೂ ಆಗದು, ಅದು ತನ್ನ ಬಿಲ ತಾನೇ ತೋಡುತ್ತದೆ. ಅದಕ್ಕೆ ಬೇರೆ ಮದ್ದು. ಮನೆಯ ಮಾಡಿನ ಇಲಿಗೆ, ತೆಂಗಿನ ಸುಳಿಯಲ್ಲಿ ಗೂಡು ಮಾಡಿ ಕೆಳಗಿಳಿಯದೆ ಮರದಿಂದ ಮರಕ್ಕೆ ಹೋಗುವ ಇಲಿಗೆ, ನೆಲದಲ್ಲಿಟ್ಟ ವಿಷ ಸಿಗುವುದೇ ಇಲ್ಲ. ಸಿಗುವುದು ಬೇರೆಯವರಿಗೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಸಾಯಲು ದಿನಗಳು ಹಿಡಿಯುತ್ತವೆ. ಆ ದಿನಗಳಲ್ಲಿ ತೂರಾಡುವ ಅದನ್ನು ಹಿಡಿದು ತಿಂದ ಗೂಬೆಗೂ ಅದೇ ಗತಿ.

ರೋಗದ ವಿಷಯಕ್ಕೆ ಬಂದರೆ ಹೆಸರಿನ ತಪ್ಪಿಗೆ ಬೆಲೆ ಇನ್ನೂ ಹೆಚ್ಚು. ಲೆಪ್ಟೊಸ್ಪೈರೋಸಿಸ್ ರೋಗಕ್ಕೆ ನಮ್ಮಲ್ಲಿ 'ಇಲಿ ಜ್ವರ' ಎಂಬ ಹೆಸರು ಬಿದ್ದಿದೆ. ಇಲಿ ಅದನ್ನು ಹರಡುವುದು ನಿಜ, ಅದರ ಮೂತ್ರದಲ್ಲಿ ಆ ಬ್ಯಾಕ್ಟೀರಿಯಾ ಬರುತ್ತದೆ. ಆದರೆ ದನ, ಹಂದಿ, ನಾಯಿಯ ಮೂತ್ರದಲ್ಲೂ ಬರುತ್ತದೆ. ಮಳೆಗಾಲದ ಕೆಸರಿನಲ್ಲಿ, ಗದ್ದೆಯಲ್ಲಿ, ಚರಂಡಿಯಲ್ಲಿ ಬರಿಗಾಲಲ್ಲಿ ನಿಂತವನ ಕಾಲಿನ ಬಿರುಕಿನಿಂದ ಒಳಹೊಗುತ್ತದೆ. ಹೆಸರು ಕೇಳಿದವನು ಇಲಿ ಪಾಷಾಣ ತರಲು ಓಡುತ್ತಾನೆ, ಕೊಟ್ಟಿಗೆಯ ಗಂಜಲದ ಗುಂಡಿಯಲ್ಲಿ ಬರಿಗಾಲಲ್ಲೇ ನಿಲ್ಲುತ್ತಾನೆ. ಬೇಕಾಗಿದ್ದದ್ದು ಒಂದು ಜೊತೆ ಗಮ್‌ಬೂಟು.

ಮಂಗನ ಕಾಯಿಲೆಯದೂ ಇದೇ ಕಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ. ಮಂಗ, ಮುಸುವ ಸತ್ತುಬಿದ್ದದ್ದು ಕಂಡಿತು, ಹೆಸರು ಮಂಗಕ್ಕೆ ಹೋಯಿತು. ಮಂಗ ನಮ್ಮಂತೆಯೇ ಆ ವೈರಸ್ಸಿಗೆ ಬಲಿ. ಅದನ್ನು ಹೊತ್ತು ತಿರುಗುವುದು ಉಣುಗು, ಮರಿ ಉಣುಗು ರಕ್ತ ಹೀರುವುದು ಬಹುಮಟ್ಟಿಗೆ ಕಾಡಿನ ಸಣ್ಣ ಪ್ರಾಣಿಗಳದು. ಬಿಳಿಬಾಲದ ಕಾಡಿಲಿ, ಸುಂಡಿಲಿ, ಅಳಿಲು ಮೊದಲಾದವುಗಳಲ್ಲಿ ವೈರಸ್ಸಿನ ಸುಳಿವು ಸಿಕ್ಕಿದೆ, ಅವು ಮಂಗದಂತೆ ಸಾಲುಸಾಲಾಗಿ ಸತ್ತು ಬೀಳುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಪತ್ರಿಕೆಗೆ ಬರುತ್ತದೆ. ಕಾಡಿಲಿಯ ಸುದ್ದಿ ಯಾರು ಬರೆಯುತ್ತಾರೆ?

ಪ್ಲೇಗಿನ ಕಾಲದ ಅಜ್ಜಿಯರು ಇದಕ್ಕಿಂತ ಚೆನ್ನಾಗಿ ನೋಡಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಅದರ ನಂತರದ ವರ್ಷಗಳಲ್ಲಿ ಊರೂರಿಗೆ ಹಬ್ಬಿದಾಗಲೂ 'ಇಲಿ ಬಿತ್ತು' ಎಂದರೆ ಊರು ಬಿಡುವ ಸೂಚನೆ. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಸಾಯುವುದೇ ಅಪಾಯ ಎಂಬ ಆ ತಿಳಿವಳಿಕೆ ಸರಿಯಾದದ್ದು, ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಆದರೆ ಬಿದ್ದದ್ದು ಮನೆಯ ಇಲಿ. ಬಯಲಿನಲ್ಲಿ ಇನ್ನೊಂದಿದೆ, ದೊಡ್ಡ ಕಣ್ಣು, ಉದ್ದನೆಯ ಹಿಂಗಾಲು, ಬಾಲದ ತುದಿಗೆ ಕುಚ್ಚು, ಕಾಂಗರೂವಿನ ಮರಿಯಂತೆ ನೆಗೆಯುವ ಜರ್ಬಿಲ್. ಪ್ಲೇಗಿನ ಬ್ಯಾಕ್ಟೀರಿಯಾ ಮೈಯಲ್ಲಿದ್ದರೂ ಅದು ಮನೆಯ ಇಲಿಯಷ್ಟು ಸುಲಭವಾಗಿ ಸಾಯದು. ಕೋಲಾರ, ಚಿತ್ತೂರು ಮತ್ತು ತಮಿಳುನಾಡಿನ ಗಡಿ ಕೂಡುವ ಬಯಲಿನಲ್ಲಿ ಸರ್ಕಾರದ ಪ್ಲೇಗ್ ನಿಗಾ ತಂಡದವರು ಹಿಡಿದು ಪರೀಕ್ಷಿಸುತ್ತ ಬಂದದ್ದು ಇಂಥ ಬಯಲಿಲಿಗಳನ್ನೇ. ಅವರು 'ಇಲಿ ಅಂದರೆ ಇಲಿ' ಎಂದಿದ್ದರೆ ಅಡುಗೆಮನೆಯಲ್ಲಿ ಬೋನು ಇಟ್ಟುಕೊಂಡು ಕೂರಬೇಕಿತ್ತು.

ಮುಳ್ಳುಹಂದಿಯ ಬಗ್ಗೆ ಎರಡು ಮಾತು. ಅದು ಮುಳ್ಳು ಎಸೆಯುವುದಿಲ್ಲ. ಮುಳ್ಳು ಗಟ್ಟಿಯಾದ ಕೂದಲು, ಕೂದಲನ್ನು ಯಾರೂ ಎಸೆಯಲಾರರು. ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲ್ಲಾಡಿಸಿ ಮೊದಲು ಎಚ್ಚರಿಸುತ್ತದೆ, ಮಾತು ಕೇಳದಿದ್ದರೆ ಹಿಮ್ಮುಖವಾಗಿ ಬಂದು ಚುಚ್ಚುತ್ತದೆ. ಸಡಿಲವಾಗಿದ್ದವು ಎದುರಾಳಿಯ ಮೈಯಲ್ಲಿ ಉಳಿಯುತ್ತವೆ. ಅದರ ಗವಿಯ ಬಾಯಲ್ಲಿ ಮೂಳೆಗಳ ರಾಶಿ ಕಂಡು ಮಾಂಸಾಹಾರಿ ಎಂದುಕೊಂಡವರಿದ್ದಾರೆ. ಮೂಳೆ ಕಡಿಯುವುದು ಸುಣ್ಣದ ಅಂಶಕ್ಕೆ, ಹಲ್ಲು ಸವೆಸಿಕೊಳ್ಳುವುದಕ್ಕೆ. ಇಂಗ್ಲಿಷಿನ ಹೆಡ್ಜ್‌ಹಾಗ್ ಬಂದಲ್ಲೆಲ್ಲ ನಮ್ಮ ಅನುವಾದಕರು ಅದನ್ನೂ ಮುಳ್ಳುಹಂದಿ ಮಾಡಿಬಿಡುತ್ತಾರೆ. ಅದು ಅಂಗೈಯಗಲದ, ಹುಳ ತಿನ್ನುವ, ಸುಂಡಿಲಿಯ ಬಳಗದ ಜೀವ. ಇನ್ನು ಎಲಿಯಟ್ಟನ ಹೆಸರನ್ನೇ ಹೊತ್ತ ಅನಥಾನ ಎಲಿಯೋಟಿ ಎಂಬುದೊಂದಿದೆ. ನೋಡಲು ಅಳಿಲು, ಮೂತಿ ಸುಂಡಿಲಿಯದು, ಎರಡೂ ಅಲ್ಲ. ಬಾಲ ನೋಡಿ ತೀರ್ಪು ಕೊಡುವವರಿಗೆ ಅದನ್ನು ಒಮ್ಮೆ ತೋರಿಸಬೇಕು.

ಕಾನೂನಿನ ಕಣ್ಣೂ ನಮ್ಮದಕ್ಕಿಂತ ಚುರುಕಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿ, ಅಂದರೆ ಕೊಂದರೆ ಕೇಳುವವರಿಲ್ಲದ ಪ್ರಾಣಿಗಳ ಪಟ್ಟಿ, ಕಾಗೆಯ ಜೊತೆಗೆ ಹಣ್ಣುತಿನ್ನುವ ಬಾವಲಿ, ಇಲಿ, ಚಿಟ್ಟಿಲಿ ಎಂದು ಸಾರಾಸಗಟಾಗಿ ಬರೆದುಕೊಂಡಿತ್ತು. ಯಾವ ಇಲಿ ಎಂಬ ಪ್ರಶ್ನೆಯೇ ಇಲ್ಲ. ಪುಣೆಯ ಸಿಂಹಗಡದ ಸುತ್ತಲಿನ ಗುಡ್ಡದಲ್ಲಷ್ಟೇ ಕಾಣಸಿಕ್ಕಿರುವ, ಆ ಕೋಟೆಯ ಹಳೆಯ ಹೆಸರಿನಿಂದ ಕೊಂಡಾಣ ಇಲಿ ಎನಿಸಿಕೊಂಡ, ಮೆಟ್ಟಾಡೆಯ ಹತ್ತಿರದ ಸಂಬಂಧಿಯೂ, ಸೇಲಂ ಬಳಿಯ ಕುರುಂಬಪಟ್ಟಿಯ ಕಲ್ಲುಗುಡ್ಡದ ಎಲ್ವಿರಾ ಇಲಿಯೂ ಜಗತ್ತಿನ ಅಳಿವಿನಂಚಿನ ಪಟ್ಟಿಯಲ್ಲಿವೆ. ನಮ್ಮ ಕಾನೂನಿನಲ್ಲಿ ಎರಡೂ ಐದನೆಯ ಅನುಸೂಚಿಯ ಪೀಡೆಗಳಾಗಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಅಷ್ಟಾಗಲು ಐವತ್ತು ವರ್ಷ ಹಿಡಿಯಿತು.

'ಹಾಗಾದರೆ ಎಲ್ಲ ಪ್ರಾಣಿಯೂ ಪ್ರಕೃತಿಗೆ ಬೇಕು, ಇಲಿಯನ್ನು ಹೊಡೆಯಬಾರದು ಎನ್ನುತ್ತೀರಾ?' ಎಂದು ಕೇಳುವವರಿದ್ದಾರೆ. ಇಲ್ಲ. ಪರಿಸರಪ್ರೇಮಿಗಳ ಆ ಉತ್ತರವೂ ನನಗೆ ಅಷ್ಟೇ ಸೋಮಾರಿತನದ್ದು ಎನಿಸುತ್ತದೆ. ಎಲ್ಲವೂ ಕೆಟ್ಟದ್ದು ಎನ್ನುವವನಿಗೂ ಎಲ್ಲವೂ ಒಳ್ಳೆಯದು ಎನ್ನುವವನಿಗೂ ಬಗ್ಗಿ ಬಿಲ ನೋಡುವ ಕೆಲಸವಿಲ್ಲ. ಕೊಕ್ಕ ರೈತನ ಶತ್ರುವೇ, ಮನೆಯ ಇಲಿ ನಮ್ಮ ಅಕ್ಕಿಗೂ ಆರೋಗ್ಯಕ್ಕೂ ಶತ್ರುವೇ. ಭಾರತದಲ್ಲಿರುವ ನೂರಕ್ಕೂ ಹೆಚ್ಚು ದಂಶಕ ಪ್ರಭೇದಗಳಲ್ಲಿ ಹೀಗೆ ದಾವೆ ಹೂಡಬಹುದಾದವು ಬೆರಳೆಣಿಕೆಯವು. ಉಳಿದವು ನಮ್ಮ ಮನೆಯ ಹೊಸ್ತಿಲನ್ನೇ ಕಂಡಿಲ್ಲ.

ನವಲಗುಂದದ ಕಡೆ ನಮ್ಮ ಕಾಕಾನ ಎರೆ ಹೊಲವಿದೆ. ಹೋದ ಹಿಂಗಾರಿನಲ್ಲಿ ಕಡಲೆಗೆ ಇಲಿ ಬಿದ್ದಾಗ ನಾನೂ ಜೊತೆಗಿದ್ದೆ. 'ಇಲಿ ಭಾಳ ಆಗ್ಯಾವು, ಏನರ ಹಾಕೂಣೇನು ಕಾಕಾ?' ಅಂದೆ. ಕಾಕಾ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದು ಬಿಲದ ಬಾಯಿ ನೋಡಿದರು. 'ಹಸಿ ಮಣ್ಣು ಹಾಕಿ ಬಾಯಿ ಮುಚ್ಚೇತಿ ನೋಡು, ಇದು ಕೊಕ್ಕ. ಅಲ್ಲಿ ಆಚಿಗೆ ತೆರದದ್ದು ಐತೆಲ್ಲ, ಅದು ಬ್ಯಾರೆ. ಅದರ ತಂಟಿಗೆ ಹೋಗಬ್ಯಾಡ.' ಊರ ಗೊಬ್ಬರದಂಗಡಿಗೆ ನನ್ನನ್ನೇ ಕಳಿಸಿದರು. 'ಕೊಕ್ಕಕ್ಕ ಏನೈತ್ರಿ?' ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಮುಖ ನೋಡಿದ. 'ಕೊಕ್ಕ ಅಂದ್ರ ಏನ್ರಿ ಸರ? ಇಲಿಗೆ ಐತಿ ನೋಡ್ರಿ, ಎಲ್ಲಾ ಇಲಿಗೂ ಒಂದ.' ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಅದರ ಮೇಲೆ ಕೆಂಪು ಅಡ್ಡಗೀಟು ಎಳೆದ ಒಂದು ಪ್ರಾಣಿಯ ಚಿತ್ರವಿತ್ತು. ಚೂಪು ಮೂತಿ, ಸಾಸಿವೆ ಕಾಳಿನಂಥ ಕಣ್ಣು, ಬುಡದಲ್ಲಿ ದಪ್ಪನೆಯ ಬಾಲ. ಸುಂಡಿಲಿಯ ಚಿತ್ರ.